ತೊಳೆದ ಕೊಳಲು

ನಾನು ಸಂಗೀತದ ಹುಚ್ಚಿನವನು ಎಂದು ನಮ್ಮ ಮನೆಯಲ್ಲಿ ಒಂದು ಹೆಸರಿದೆ. ರಾಯಚೂರಿನಲ್ಲಿ ಓದುತ್ತಿದ್ದಾಗ ಬೇಸಿಗೆಯ ಭಾನುವಾರಗಳಂದು ಉದ್ಯಾನದಲ್ಲಿ ಕೂತು ಪುಕ್ಕಟೆ ಸಂಗೀತ ಕೇಳಿದ್ದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗಲೆಲ್ಲ ಒಂದು ಕಡೆ ಬಂದು ನಿಲ್ಲಿಸಿಬಿಡುತ್ತೇನೆ. ಮುಂದಿನದನ್ನು ಹೇಳಲು ನಾಚಿಕೆ. ಈಗ ಬರೆಯುತ್ತಿರುವುದು ಆ ಮುಂದಿನದನ್ನೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮಾನ್ವಿಯಲ್ಲಿ ಅಪ್ಪ ದೇವಸ್ಥಾನದ ಪೂಜೆ ಮಾಡಿಕೊಂಡಿದ್ದರು. ನಾನು ರಾಯಚೂರಿನಲ್ಲಿ ನಮ್ಮ ಪೈಕಿಯವರೇ ಆದ ಒಬ್ಬ ಅಜ್ಜಿಯ ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿದ್ದು ಬಿ.ಎ. ಓದುತ್ತಿದ್ದೆ. ಪರೀಕ್ಷೆ ಮುಗಿದ ಮೇಲೂ ಟೈಪಿಂಗ್ ಕಲಿಯುತ್ತೇನೆ ಎಂಬ ನೆಪ ಹೇಳಿ ಊರಿಗೆ ಹೋಗದೆ ಉಳಿದುಕೊಂಡಿದ್ದೆ. ಟೈಪಿಂಗ್ ಕ್ಲಾಸಿಗೆ ವಾರಕ್ಕೆ ಎರಡು ದಿನ ಹೋದರೆ ಹೆಚ್ಚು. ಭಾನುವಾರ ಮಾತ್ರ ತಪ್ಪಿಸುತ್ತಿರಲಿಲ್ಲ.

ಆ ಕಾಲದಲ್ಲಿ ಆರ್ಕೆಸ್ಟ್ರಾ ಎಂದರೆ ಸಿನಿಮಾ ಹಾಡು, ಮಿಣಮಿಣ ದೀಪ, ಟಿಕೀಟು. ನಮ್ಮ ಕಾಲೇಜಿನ ನಾಲ್ಕು ಜನ ಸೇರಿ ಕಟ್ಟಿದ ಪಾರ್ಟಿ ಬೇರೆ. ಒಬ್ಬನ ಹತ್ತಿರ ಗಿಟಾರ್, ಒಬ್ಬನ ಹತ್ತಿರ ಅವನ ಸೋದರಮಾವನ ಹಳೆಯ ಹಾರ್ಮೋನಿಯಂ, ಒಬ್ಬ ಬೋಂಗೋ ಬಾರಿಸುತ್ತಿದ್ದ, ನಾಲ್ಕನೆಯವನು ಕೊಳಲು. ಹಾಡು ತಾವೇ ಬರೆಯುವರು, ಧಾಟಿ ತಾವೇ ಕೂಡಿಸುವರು. ಗೊತ್ತಿಲ್ಲದ ಹಾಡಿಗೆ ಯಾರು ರೊಕ್ಕ ಕೊಟ್ಟಾರು? ಅದಕ್ಕೇ ಪುಕ್ಕಟೆ. ಸಂಜೆ ಐದೂವರೆಗೆ ಉದ್ಯಾನದ ಮಾಲಿ ಹುಲ್ಲಿಗೆ ನೀರು ಹೊಡೆದ ಮೇಲೆ, ಮನೆಯೊಳಗೆ ಕೂರಲಾಗದೆ ಬಂದ ಸಂಸಾರಗಳೆಲ್ಲ ಅಲ್ಲಿ ಹರಡಿಕೊಳ್ಳುತ್ತಿದ್ದವು. ಅರ್ಧ ಜನ ತಂಪಿಗೆ, ಅರ್ಧ ಜನ ಮಿರ್ಚಿ ಭಜಿಗೆ ಬಂದವರು. ಹಾಡಿಗಾಗಿ ಬಂದವನು ಬಹುಶಃ ನಾನೊಬ್ಬನೇ.

ಕೊಳಲಿನವನು ದೇವದುರ್ಗದ ಕಡೆಯ ಹಳ್ಳಿಯವನು. ಕುರಿ ಕಾಯುವ ಮನೆತನ. ಬೇಸಿಗೆ ರಜೆಯಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದ. ಕೊಳಲುಗಳನ್ನು ಅವನೇ ಮಾಡಿಕೊಳ್ಳುತ್ತಿದ್ದ. ಕಬ್ಬಿಣದ ಸರಳು ಕಾಸಿ ಒಂದು ತೂತು ಹೊಡೆಯುವುದು, ತುಟಿಗೆ ಹಚ್ಚಿ ಊದಿ ನೋಡುವುದು, ಕಿವಿಗೆ ಒಪ್ಪದಿದ್ದರೆ ಅದೇ ತೂತನ್ನು ಇನ್ನಷ್ಟು ಸುಡುವುದು, ಮತ್ತೆ ಊದುವುದು. ಹೀಗೆ ಹತ್ತು ಬಿದಿರು ಕೆಟ್ಟ ಮೇಲೆ ಹಾರ್ಮೋನಿಯಂ ಸ್ವರಕ್ಕೆ ಸರಿಯಾಗಿ ಕೂಡುವ ಒಂದೇ ಒಂದು ಕೊಳಲು ಸಿಕ್ಕಿತ್ತು. ಅದರ ಮೇಲೆ ಅವನು ಒಂದು ಧಾಟಿ ಹಾಕಿದ್ದ. ಸಂಜೆ ಹೊತ್ತು ಚದುರಿದ ಕುರಿಗಳನ್ನು ಕೂಡಿಸಲು ಅವನ ಅಪ್ಪ ಹಾಕುತ್ತಿದ್ದ ಸೀಟಿ ಅದರ ಮೂಲ. ಆ ಬೇಸಿಗೆಯ ಕೊನೆಯ ಭಾನುವಾರ ಅದನ್ನು ಮೊದಲ ಸಲ ಜನರ ಮುಂದೆ ನುಡಿಸುವವನಿದ್ದ. ಕೇಳಲು ಅಪ್ಪನೇ ಬರುವವನಿದ್ದ. ಮಗ ಓದಲು ಹೋಗಿದ್ದಾನೋ ಮೋಜು ಮಾಡಲು ಹೋಗಿದ್ದಾನೋ ಎಂದು ಅಪ್ಪನಿಗೆ ಅನುಮಾನ. ಈ ಒಂದು ಸಂಜೆಯಿಂದ ಅದು ಹೋಗುತ್ತದೆ ಎಂದು ಮಗನ ಆಸೆ.

ನಮ್ಮಿಬ್ಬರಿಗೆ ಚಲೋ ಸ್ನೇಹ. ನನ್ನ ಕೋಣೆಗೆ ಬಂದರೆ ಕೇಳದೆ ಒಳಗೆ ನುಗ್ಗಿ ಚಾಪೆ ಮೇಲೆ ಕಾಲು ಚಾಚುತ್ತಿದ್ದ. ಅದು ನನಗೂ ಹೆಮ್ಮೆಯೇ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಜಾತಿಪದ್ಧತಿಯ ವಿರುದ್ಧ ಮೇಜು ಗುದ್ದಿ ಮಾತಾಡಿ ಬಹುಮಾನ ತಂದವನು ನಾನು. ಇಂಥ ಗೆಳೆಯ ಇರುವುದು ಆ ಬಹುಮಾನಕ್ಕೆ ಒಪ್ಪುವ ಸಂಗತಿ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆನೇನೋ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನನಗೂ ಕೊಳಲು ಕಲಿಸು ಎಂದು ಬೇಸಿಗೆಯುದ್ದಕ್ಕೂ ಅವನ ಬೆನ್ನು ಹತ್ತಿದ್ದೆ. ಕೊನೆಯ ಭಾನುವಾರಕ್ಕೆ ಮೂರು ದಿನ ಇದೆ ಎನ್ನುವಾಗ ಅವನು ಅಪ್ಪನನ್ನು ಕರೆತರಲು ಊರಿಗೆ ಹೊರಟ. ಹೋಗುವ ಮುಂಚೆ ಮಾಳಿಗೆ ಹತ್ತಿ ಬಂದು ಅದೇ ಕೊಳಲನ್ನು ನನ್ನ ಕೈಗಿಟ್ಟ.

"ನಾ ಬರೂತನಕ ಊದ್ತಿರಲೇ. ಬರೇ ಉಸಿರು ಹಿಡಿಯೋದು ಕಲಿ. ಜೋಪಾನ."

ಅವನು ಮೆಟ್ಟಿಲು ಇಳಿದು ಹೋದ. ಕೊಳಲನ್ನು ತುಟಿಯ ಹತ್ತಿರ ತಂದೆ. ಊದುವ ತೂತಿನ ಸುತ್ತ ಬಿದಿರು ನುಣ್ಣಗೆ ಕಪ್ಪಗಾಗಿತ್ತು. ಅದು ಅವನ ತುಟಿ ತಾಗಿ ತಾಗಿ ಆದದ್ದು. ಎಂಜಲು ಎಂಬ ಶಬ್ದ ತಲೆಗೆ ಬಂದಿತು. ಯಾರೂ ಹೇಳಿಕೊಡಲಿಲ್ಲ, ಅಜ್ಜಿ ಕೆಳಗೆ ನಿದ್ದೆ ಮಾಡುತ್ತಿದ್ದಳು, ಅಪ್ಪ ಮಾನ್ವಿಯಲ್ಲಿದ್ದರು. ಬಜಾರಿನಲ್ಲಿ ಯಾರು ಕರಿದದ್ದೋ ಗೊತ್ತಿಲ್ಲದ ಮಿರ್ಚಿಯನ್ನು ವಾರವಾರ ತಿನ್ನುತ್ತಿದ್ದ ಬಾಯಿ ಅದು. ಆದರೂ ಕೊಳಲು ತುಟಿಗೆ ತಾಗಲಿಲ್ಲ.

ಒರೆಸಿದೆ. ಸಮಾಧಾನವಾಗಲಿಲ್ಲ. ನಮ್ಮ ಮನೆಯಲ್ಲಿ ಪೂಜೆಯ ತಾಮ್ರ ತೊಳೆಯುವುದು ಹುಣಸೆಹಣ್ಣಿನಿಂದ. ನಾನು ಕಂಡಿದ್ದ ಶುದ್ಧಿ ಅದೇ. ಅಜ್ಜಿಯ ಅಡುಗೆಮನೆಯಿಂದ ಒಂದು ಉಂಡೆ ಹುಣಸೆ ತಂದು ಕೊಳಲಿನ ಮೈಗೆಲ್ಲ ತಿಕ್ಕಿದೆ. ಆಮೇಲೆ ಬಕೀಟಿನ ನೀರಲ್ಲಿ ಮುಳುಗಿಸಿ ಒಂದು ತಾಸು ಬಿಟ್ಟೆ. ಬಿದಿರಿಗೂ ತಾಮ್ರಕ್ಕೂ ವ್ಯತ್ಯಾಸವಿದೆ ಎಂದು ಹೊಳೆಯಲಿಲ್ಲ. ಕೊನೆಗೆ ಮಾಳಿಗೆಯ ಮೇಲೆ, ಯಾರೂ ಮುಟ್ಟದಂತೆ ಒಣಗಹಾಕಿದ್ದ ಮಡಿ ಪಂಚೆಯ ಪಕ್ಕದಲ್ಲಿ, ಅದನ್ನೂ ಬಿಸಿಲಿಗೆ ಇಟ್ಟೆ. ಮೇ ತಿಂಗಳ ರಾಯಚೂರು ಬಿಸಿಲು. ಸಂಜೆ ಟೈಪಿಂಗ್ ಮುಗಿಸಿ ಬಂದು ನೋಡಿದರೆ ಕೊಳಲು ಊದುವ ತೂತಿನಿಂದ ಮೂರನೆಯ ತೂತಿನವರೆಗೆ ಸೀಳಿಬಿಟ್ಟಿತ್ತು.

ಸೀಳಿಗೆ ಮೇಣ ಹಚ್ಚಿದೆ. ದಾರ ಸುತ್ತಿದೆ. ಈಗ ಊದಲು ಯಾವ ಸಂಕೋಚವೂ ಆಗಲಿಲ್ಲ ನೋಡಿ, ತುಟಿಗೆ ಹಚ್ಚಿ ಊದಿಯೇ ಊದಿದೆ. ಬರೀ ಗಾಳಿ ಸೋರುವ ಸಪ್ಪಳ ಬಂತು.

ಭಾನುವಾರ ಬೆಳಿಗ್ಗೆ ಅವನು ಅಪ್ಪನೊಂದಿಗೆ ಬಂದಿಳಿದ. ನಾನು ಕೊಳಲನ್ನು ಹಳೆಯ ಪೇಪರಿನಲ್ಲಿ ಸುತ್ತಿ ಬಸ್‌ಸ್ಟ್ಯಾಂಡಿಗೇ ಒಯ್ದಿದ್ದೆ. ಕಿಟಕಿಯಲ್ಲಿ ಇಟ್ಟಿದ್ದೆ, ಬಿಸಿಲಿಗೆ ತಾನಾಗಿ ಸೀಳಿತು ಎಂದು ಹೇಳಿದೆ. ಅವನು ಪೇಪರು ಬಿಚ್ಚಿದ, ದಾರ ನೋಡಿದ, ಕೊಳಲನ್ನು ಮೂಗಿನ ಹತ್ತಿರ ಹಿಡಿದ. ಮತ್ತೆ ಸುತ್ತಿಟ್ಟ. ಹೋಗಲಿ ಬಿಡು ಎಂದ. ನನ್ನ ಸುಳ್ಳು ನಡೆಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಸಮಾಧಾನವೂ ಆಯಿತು.

ಸಂಜೆ ಅವನ ಅಪ್ಪ ಹುಲ್ಲಿನ ಮೇಲೆ ಎಲ್ಲರಿಗಿಂತ ಮುಂದೆ, ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ನಾನು. ಆ ಧಾಟಿಯನ್ನು ಹಾರ್ಮೋನಿಯಂ ಮೇಲೆ ನುಡಿಸಿದರು. ಸೀಟಿಯಲ್ಲಿದ್ದ ಎಳೆತ ಹಾರ್ಮೋನಿಯಂಗೆ ಎಲ್ಲಿಂದ ಬರಬೇಕು? ಅದು ಪ್ರಾರ್ಥನೆಯ ಹಾಗೆ ಕೇಳಿತು. ಗೆಳೆಯ ಒಂದು ಮೂಲೆಯಲ್ಲಿ ನಿಂತು ಬರಿಗೈಯಲ್ಲಿ ತಾಳ ಹಾಕುತ್ತಿದ್ದ. ಮುದುಕನಿಗೆ ಅದು ತನ್ನದೇ ಸೀಟಿ ಎಂದು ಗುರುತು ಹತ್ತಲಿಲ್ಲ. ಹಾಡು ಮುಗಿದರೂ ಅವನು ಮಗನ ಸರದಿ ಕಾಯುತ್ತಲೇ ಇದ್ದ. ಕೊನೆಗೆ ಮೈಕಿನವನು ವೈರು ಸುತ್ತತೊಡಗಿದಾಗ ನನ್ನ ಕಡೆ ತಿರುಗಿದ.

"ಆಚಾರ್ರ, ನಮ್ಮ ಹುಡುಗ ಊದಲೇ ಇಲ್ಲಲ್ರೀ?"

ಕೊಳಲು ಸೀಳಿತು ಎಂದಷ್ಟೇ ಹೇಳಿದೆ. ಆ ಹೊತ್ತಿಗೆ ಮಗ ಅಲ್ಲಿಗೆ ಬಂದ. ಮುದುಕ ಅವನಿಗೆ ಜೋರು ಮಾಡಲಿಲ್ಲ, ಆದರೆ ಅಂದ ಮಾತು ಅಷ್ಟೇ ಬಿರುಸಾಗಿತ್ತು.

"ಒಂದು ಬಿದರಕಡ್ಡಿ ಕಾಯಾಕ ಆಗಲಿಲ್ಲ ನಿನಗ. ಇದಕ್ಕ ನಾ ಕುರಿ ಬ್ಯಾರೇದವರ ಕೈಯಾಗ ಬಿಟ್ಟು ಬರಬೇಕಾತು."

ಮಗ ತಲೆ ತಗ್ಗಿಸಿ ನಿಂತ. ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನಾನು ಬಾಯಿ ತೆರೆದಿದ್ದರೆ ಆ ಮಾತು ನನಗೆ ಸೇರುತ್ತಿತ್ತು. ತೆರೆಯಲಿಲ್ಲ. ಮುದುಕ ಮರುದಿನದ ಮೊದಲ ಬಸ್ಸಿಗೆ ಹೊರಟುಹೋದನಂತೆ.

ಆ ಸೋಮವಾರವೇ, ಅಪ್ಪನನ್ನು ಬಸ್ಸಿಗೆ ಹತ್ತಿಸಿ, ಗೆಳೆಯ ನನ್ನ ಕೋಣೆಗೆ ಬಂದ. ಒಳಗೆ ಬಾ ಎಂದರೆ ಬರಲಿಲ್ಲ. ಚಪ್ಪಲಿ ಬಿಟ್ಟು ಹೊಸ್ತಿಲ ಆಚೆಯೇ ನಿಂತ.

"ಹುಣಸಿಹಣ್ಣು ಹಚ್ಚಿ ತೊಳದಿದ್ರಿ," ಎಂದ. "ವಾಸನಿ ಇತ್ತು."

ನಾನು ಹಾಗಲ್ಲ ಹೀಗೆ ಎಂದು ತೊದಲಿದೆ. ಅವನು ಕೈ ಅಡ್ಡ ಮಾಡಿದ. ಜಗಳಕ್ಕೆ ಬಂದಿರಲಿಲ್ಲ. ಸಿಟ್ಟಾದರೂ ಮಾಡಿದ್ದರೆ ನಾನೂ ಏನಾದರೂ ಅಂದು ಪಾರಾಗುತ್ತಿದ್ದೆ.

"ನಿಮಗ ಕಲಿಯೋ ಆಸೆ ಇದ್ರ ಬ್ಯಾರೇ ಒಂದು ಮಾಡಿಕೊಡ್ತೀನಿ. ಬಾಯಿ ಹಚ್ಚಂಗಿಲ್ಲ. ಆದರ ಊದಿ ನೋಡಲಾರದ ತೂತು ಹೊಡದ್ರ ಅದರ ದನಿ ಹೆಂಗ ಬರ್ತದೋ, ನಾ ಹೇಳಾಕ ಆಗಂಗಿಲ್ರಿ."

ಚುಚ್ಚಲು ಆಡಿದ ಮಾತಲ್ಲ ಅದು. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಹೂಂ ಅಂದಿದ್ದರೆ ಅವತ್ತೇ ಬಿದಿರು ಹುಡುಕಲು ಹೋಗುತ್ತಿದ್ದ. ನೀನು ಬಾಯಿ ಹಚ್ಚಿಯೇ ಮಾಡಿಕೊಡು ಎನ್ನುವುದೊಂದೇ ನಾನು ಹೇಳಬೇಕಾಗಿದ್ದದ್ದು.

ನಾನು ಬೇಡ ಅಂದೆ.