ಒಳಸುತ್ತಿನ ತಿರುವು

ಗೆಳೆಯರೇ, ರೈಲು ಓಡಿಸಿ ನಿವೃತ್ತನಾದ ನಾನು ಇವತ್ತು ಆಟಿಕೆ ರೈಲಿನ ಮುಂದೆ ಸೋತೆ. ಪ್ಲೈವುಡ್ ಹಲಗೆಯ ಮೇಲೆ ಎರಡು ಸುತ್ತು ಹಳಿ ಹಿಡಿಸಲೆಂದು ಒಳಸುತ್ತಿನ ತಿರುವನ್ನು ಒಂದು ಅಡಿ ತ್ರಿಜ್ಯಕ್ಕೆ ಇಳಿಸಿದ್ದೆ. ಅಲ್ಲಿ ಉದ್ದನೆಯ ಬೋಗಿ ಪ್ರತಿ ಸಲವೂ ಹಳಿ ತಪ್ಪುತ್ತಿತ್ತು. ಗಾಲಿಯೇ ಸರಿಯಿಲ್ಲ ಎಂದು ಬೈದೆ.

ಜಂಪರು ಹೊಲಿಯುವ ನನ್ನ ಹೆಂಡತಿ ಅಳತೆ ಟೇಪು ಹುಡುಕುತ್ತಾ ಬಂದಳು.

"ತಿರುವು ಭಾಳ ಬಿಗಿ ಆಗೇತ್ರಿ. ಒಳಗಿನ ಸುತ್ತು ತಗದ್ಬಿಡ್ರಿ."

"ನಾ ಮೂವತ್ತು ವರ್ಷ ರೈಲು ಓಡಿಸೇನಿ."

"ಓಡಿಸೀರಿ ಖರೆ. ಹಳಿ ಹಾಕಿದವ್ರು ಬ್ಯಾರೇನ ಇದ್ರಲ್ಲ."

ಒಳಸುತ್ತು ಕಿತ್ತೆ. ಹೊರಸುತ್ತಿನಲ್ಲಿ ರೈಲು ಸಲೀಸಾಗಿ ಓಡಿತು, ಒಂದು ಬೋಗಿಯೂ ಬೀಳಲಿಲ್ಲ. ಅವಳು ಹೊಲಿಗೆ ಮರೆತು ನೋಡುತ್ತಾ ನಿಂತಳು. ಆಮೇಲೆ ರಟ್ಟಿನ ತುಂಡಿನ ಮೇಲೆ ‘ಇಳಕಲ್’ ಎಂದು ಬರೆದು ಹಳಿಯ ಪಕ್ಕ ನಿಲ್ಲಿಸಿದಳು.

ರೈಲೇ ಇಲ್ಲದ ನಮ್ಮ ಊರಿಗೆ ಅಂತೂ ರೈಲು ಬಂತು. ಸದ್ಯಕ್ಕೆ ನಮ್ಮ ಪಡಸಾಲೆಯವರೆಗೆ ಮಾತ್ರ.