ನೀರು ಕಾಣದ ಚಾಕು

ಮಾವನವರ ಜೇಬಿನ ಚಾಕು ಕಂಡರೆ ನನಗೆ ಆಗುತ್ತಿರಲಿಲ್ಲ. ಕೊಂಬಿನ ಹಿಡಿಯ ಮಡಚುವ ಚಾಕು, ಅವರಪ್ಪನ ಕಾಲದ್ದು. ಮಸೆದು ಮಸೆದು ಅಲಗು ಅರ್ಧ ಸವೆದಿತ್ತು. ಮಾವನವರ ಕೆಲಸ ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹಾಕುವುದು. ಜನ ಇಪ್ಪತ್ತು ವರ್ಷ ಕೂತು ಬೆವರಿದ ಮೆತ್ತೆಗಳನ್ನು ಅದರಲ್ಲೇ ಸೀಳುತ್ತಿದ್ದರು. ಒಳಗಿಂದ ಕೂದಲ ಉಂಡೆ, ಉಗುರು, ಜಿರಳೆ ಮೊಟ್ಟೆ, ಒಮ್ಮೆ ಬಾಲದ ಸಮೇತ ಒಣಗಿದ ಇಲಿ. ಇದನ್ನೆಲ್ಲ ಅವರು ಹೇಳಲು ಆರಿಸಿಕೊಳ್ಳುತ್ತಿದ್ದ ಹೊತ್ತು ಊಟದ್ದು.

ಸಂಜೆ ಅದೇ ಚಾಕುವಿನಲ್ಲಿ ಕಾಲಿನ ಆಣಿ ಕೆರೆದುಕೊಳ್ಳುತ್ತಿದ್ದರು. ಆಮೇಲೆ ಪ್ಯಾಂಟಿಗೆ ಎರಡು ಸಲ ಒರೆಸಿ, ಸೇಬು ಹೆಚ್ಚಿ, ನನ್ನ ಐದು ವರ್ಷದ ಮಗಳ ಬಾಯಿಗೆ ಇಡುತ್ತಿದ್ದರು. ಅವಳೋ, ತಾತ ಬಂದರೆ ಸಾಕು, ಬಾಯಿ ತೆರೆದುಕೊಂಡೇ ಓಡುತ್ತಿದ್ದಳು.

"ಮಾವ, ಒಂದ್ಸಲ ಅದನ್ನ ತೊಳೀಬಾರ್ದಾ?"

"ನೀರು ತಾಗಿಸ್ಬಾರ್ದಮ್ಮ. ಕೀಲು ಹಿಡ್ಕೊಂಡುಬಿಡುತ್ತೆ. ಎಣ್ಣೆ ಬಟ್ಟೇಲಿ ಒರೆಸ್ತೀನಲ್ಲ!"

ಆ ಎಣ್ಣೆ ಬಟ್ಟೆಯನ್ನು ನೀವು ನೋಡಬೇಕಿತ್ತು. ಗಂಡನಿಗೆ ಹೇಳಿದರೆ, "ನಾನೂ ಅದ್ರಲ್ಲೇ ತಿಂದು ಬೆಳೆದೋನು, ಸತ್ತಿದೀನಾ?" ಎಂದ. ಅವನ ಬದಲು ಗೋಡೆಗೆ ಹೇಳಿದ್ದರೆ ಕೊನೇಪಕ್ಷ ಗೋಡೆ ಎದುರುತ್ತರ ಕೊಡುತ್ತಿರಲಿಲ್ಲ.

ಒಮ್ಮೆ ಮಗಳಿಗೆ ಮೂರು ದಿನ ವಾಂತಿಯಾಯಿತು. ಕುಡಿಯುವ ನೀರಿನಿಂದ ಇರಬಹುದು ಎಂದರು ಡಾಕ್ಟರು. ಯಾವುದರಿಂದ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ಭಾನುವಾರ ಮಾವ ಸ್ನಾನಕ್ಕೆ ಹೋದಾಗ ಅವರ ಪ್ಯಾಂಟಿನ ಜೇಬಿನಿಂದ ಚಾಕು ತೆಗೆದು, ಸೋಪು ಹಚ್ಚಿ, ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ಕೀಲಿನ ಸಂದಿಯನ್ನು ಉಜ್ಜಿದೆ. ಕರಿ ರಾಡಿ ಇಳಿಯಿತು, ಅದರಲ್ಲಿ ಯಾರದೋ ಬಿಳಿಕೂದಲು. ಮೇಲಿಂದ ಕುದಿಯುವ ನೀರು ಸುರಿದೆ. ಅಷ್ಟರಲ್ಲಿ ಬಚ್ಚಲ ಚಿಲಕದ ಸದ್ದಾಯಿತು. ಒದ್ದೆಯಾಗಿದ್ದ ಹಾಗೆಯೇ ಮಡಚಿ ಜೇಬಿಗೆ ಸೇರಿಸಿದೆ. ಮಗಳಿಗೆ ಹಣ್ಣು ಕೊಡಬಾರದೆಂದು ಡಾಕ್ಟರು ಹೇಳಿದ್ದರಿಂದ ಆ ದಿನ ಅವರು ಅದನ್ನು ಹೊರತೆಗೆಯಲಿಲ್ಲ.

ಸೋಮವಾರ ಅಂಗಡಿಯಲ್ಲಿ ಅಲಗು ಏಳಲಿಲ್ಲ. ಮಾವ ಬಲ ಹಾಕಿ ಎಳೆದಿದ್ದಾರೆ. ಅರ್ಧ ಎದ್ದದ್ದು ಫಟ್ಟನೆ ಮಡಚಿಕೊಂಡು ಬಲಗೈಯ ಎರಡು ಬೆರಳಿನ ನರ ಕತ್ತರಿಸಿತು.

ಆಸ್ಪತ್ರೆಯಲ್ಲಿ ಗಂಡ ಅವರ ಮೇಲೆ ಹರಿಹಾಯ್ದ. ಮಗಳು ನನ್ನ ಸೊಂಟದ ಮೇಲೆ ಕೂತು ಕೇಳುತ್ತಿದ್ದಳು.

"ಆ ಗಲೀಜು ಚಾಕು ಬಿಸಾಕಿ ಅಂತ ಇವಳು ಬಡ್ಕೊಂಡ್ಲು. ಕೇಳಿದ್ರಾ?"

"ಎಣ್ಣೆ ಹಾಕೋದು ಮರೆತೆ" ಎಂದರು ಮಾವ.

ನಾನು ತಲೆ ತಗ್ಗಿಸಿ, ಎಲ್ಲ ಸಹಿಸಿಕೊಂಡ ಒಳ್ಳೆಯ ಸೊಸೆಯಂತೆ ನಿಂತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಬೆರಳುಗಳು ಮತ್ತೆ ಮಡಚಲಿಲ್ಲ. ಸೋಫಾ ಕೆಲಸ ನಿಂತಿತು. ತಿಂಗಳ ಮೇಲೆ ಒಂದು ಸಂಜೆ, ನಾನು ಅಡುಗೆಮನೆಯಲ್ಲಿ ಹೆಚ್ಚಿಕೊಟ್ಟ ಸೇಬಿನ ಹೋಳೊಂದನ್ನು ಮಾವ ಎಡಗೈಯಲ್ಲಿ ಮೊಮ್ಮಗಳಿಗೆ ಹಿಡಿದರು. ಅವಳು ಹಿಂದೆ ಸರಿದಳು.

"ಛೀ, ಬೇಡ. ನಿನ್ನ ಕೈ ಗಲೀಜು. ಅದಕ್ಕೇ ನಿಂಗೆ ಗಾಯ ಆಗಿದ್ದು."

ಮೂಗು ಮುರಿದದ್ದೂ ಥೇಟು ನನ್ನ ಹಾಗೆಯೇ. ಅವಳು ಒಳಗೆ ಓಡಿದಳು. ಮಾವ ಹೋಳನ್ನು ತಟ್ಟೆಗೆ ಹಾಕಿ, ಆಗತಾನೇ ತೊಳೆದು ಬಂದಿದ್ದ ಕೈಯನ್ನು ತಿರುಗಿಸಿ ನೋಡಿಕೊಂಡರು.

ನನಗೆ ತಡೆಯಲಾಗಲಿಲ್ಲ. "ಮಾವ, ಚಾಕು ತೊಳೆದಿದ್ದು ನಾನು."

"ಗೊತ್ತಮ್ಮ. ತೆಗೆದಾಗ್ಲೇ ಸೋಪಿನ ವಾಸನೆ ಬಂತು."

ಮಗಳು ಹೋದ ಬಾಗಿಲ ಕಡೆ ನೋಡಿದರು.

"ನನಗೆ ಹೇಳಿ ಏನು ಬಂತು? ಅವಳಿಗೆ ಹೇಳು."