ಆಲೂಗಡ್ಡೆಗೂ ಆಶೀರ್ವಾದ

ಅಟ್‌ಬಾಶಿ ಸೀಮೆಯಲ್ಲಿ ಶೇರ್‌ಗಾಜಿ ಬಾಯಿ ತೆರೆಯದೆ ಯಾವ ಮದುವೆಯೂ ಮದುವೆ ಎನಿಸಿಕೊಂಡದ್ದಿಲ್ಲ. ಗಂಡು, ಹೆಣ್ಣು, ಬೀಗರು, ಕೊನೆಗೆ ಊಟಕ್ಕೆಂದು ಕಡಿದ ಕುದುರೆಯನ್ನೂ ಹೊಗಳಿ ಹೊಗಳಿ ಸ್ವರ್ಗದ ಬಾಗಿಲು ಮುಟ್ಟಿಸುತ್ತಿದ್ದ. ಇಂಥ ವಾಗ್ವೀರನಿಗೆ ಐವತ್ತರ ಹೊಸ್ತಿಲಲ್ಲಿ ಮಣ್ಣುಮುಕ್ಕಿಸಿದ್ದು ಸಂಜೆಶಾಲೆಯ ಒಂದು ಪುಟ್ಟ ಭಾಷಣ.

ಶಾಲೆಯ ಸರ್ಟಿಫಿಕೇಟಿಲ್ಲದವರಿಗೆ ಇನ್ನು ಸಂಸ್ಕೃತಿ ಭವನದಲ್ಲಿ ನೌಕರಿಯಿಲ್ಲ ಎಂದು ಅವನು ಕೆಲಸಕ್ಕಿದ್ದ ಆ ಭವನಕ್ಕೆ ಮೇಲಿನಿಂದ ಹುಕುಂ ಬಂದಿತ್ತು. ಭಾಷಣದಲ್ಲಿ ಪಾಸಾಗದಿದ್ದರೆ ಸರ್ಟಿಫಿಕೇಟಿಲ್ಲ. "ವಿಷಯ ನೀವೇ ಆರಿಸ್ಕೊಳ್ಳಿ" ಎಂದಿದ್ದಳು ಟೀಚರ್ ನಾಜಿರಾ. ಆಪತ್ತು ಇದ್ದದ್ದೇ ಅಲ್ಲಿ. ಮದುವೆಮನೆಯಲ್ಲಾದರೆ ವಿಷಯ ತಾನೇ ಸಿಂಗರಿಸಿಕೊಂಡು ಎದುರಿಗೆ ಕೂತಿರುತ್ತದೆ.

ಹೆಂಡತಿ ಬುರುಲ್ ಹಿಟ್ಟು ನಾದುತ್ತ ಹೇಳಿದಳು: "ಆಲೂಗಡ್ಡೆ ಬಗ್ಗೆ ಮಾತಾಡ್ರೀ. ಅದಕ್ಕೆ ಮದುವೆ ಇಲ್ಲ, ಮುಂಜಿ ಇಲ್ಲ."

ತರಗತಿಯೆದುರು ನಿಂತು ಮಾತಿನಲ್ಲೇ ಆಲೂಗಡ್ಡೆಗೆ ನೆಲ ಉತ್ತ, ಬಿತ್ತಿದ, ಕಿತ್ತ. ಅಷ್ಟರವರೆಗೆ ಭಾಷಣ ನೆಟ್ಟಗೇ ಇತ್ತು. ಎದುರಿಗಿನ ಮುಖಗಳನ್ನು ಕಂಡದ್ದೇ ನಾಲಿಗೆ ಹಳೇ ದಾರಿ ಹಿಡಿಯಿತು: "ಈ ಆಲೂಗಡ್ಡೆಯ ಕುಲ ಬೆಳೀಲಿ, ತಿಂದವರ ಹೊಸ್ತಿಲಲ್ಲಿ ಮಕ್ಕಳ ಚಪ್ಪಲಿ ರಾಶಿ ಬೀಳಲಿ." ಅಂಗೈ ಬಿಚ್ಚಿದ. ತರಗತಿಯೂ ಅಂಗೈ ಬಿಚ್ಚಿ "ಓಮಿನ್, ಹಾಗೇ ಆಗಲಿ" ಎಂದು ಮುಖ ಸವರಿಕೊಂಡು ಎದ್ದು ನಿಂತಿತು. ಹರಸಿದ ಮೇಲೆ ಕೂತಿರುವ ಪದ್ಧತಿ ತಾತ ಮುತ್ತಾತರ ಕಾಲದಿಂದಲೂ ಇಲ್ಲ. ಅರ್ಧ ಜನ ಆಗಲೇ ಟೋಪಿ ಹಾಕಿಕೊಂಡು ಅಂಗಳದಲ್ಲಿದ್ದರು.

"ಶೇರ್‌ಗಾಜಿ ಅಣ್ಣ, ದಿನಾ ನೀವೇ ಭಾಷಣ ಮಾಡಿ. ಬೇಗ ಮನೆ ಸೇರ್ಬಹುದು" ಎಂದ ಲಾರಿ ಡ್ರೈವರ್ ಎರ್ಕಿನ್.

"ನಾನೂ ಎದ್ದುಬಿಟ್ಟಿದ್ದೆನಲ್ಲ, ಅದೇ ನಾಚಿಕೆ" ಎಂದಳು ನಾಜಿರಾ. "ಶುಕ್ರವಾರ ಇನ್ನೊಂದು ಅವಕಾಶ, ಅದೇ ಕೊನೇದು. ನಿಮ್ಮ ಕೈಲಿ ಹರಸೋಕೇ ಆಗದಂಥ ವಿಷಯ ಹುಡುಕಿ ಅಣ್ಣ."

ಹರಸಲಾಗದ್ದು! ಮೂರನೇ ಸಲ ಮದುವೆಯಾದವನನ್ನೂ ಕುಂಟು ಕುದುರೆಯನ್ನೂ ಹರಸಿದ್ದ ಬಾಯಿ ಅದು. ಸಂಜೆ ದನಕ್ಕೆ ಹುಲ್ಲು ಹಾಕುವಾಗ ಮಗಳು ಐಪೇರಿಯ ಮದುವೆ ನೆನಪಾಯಿತು. ಹುಲ್ಲು ಕೈಯಲ್ಲೇ ಉಳಿಯಿತು. ದನ ಕಾದು ಸಾಕಾಗಿ ತಾನೇ ಎಳೆದುಕೊಂಡಿತು.

ಶುಕ್ರವಾರ ಎದ್ದು ನಿಂತು ಹೇಳಿದ: "ನನ್ನ ವಿಷಯ, ಹುಡುಗಿಯ ಅಪ್ಪ. ಆವತ್ತು ಮೈಕು ಬೇರೆಯವನ ಕೈಲಿತ್ತು. ಅಪ್ಪ ಹರಸಲಿ ಅಂತ ಎಲ್ಲರೂ ನನ್ನ ಕಡೆ ತಿರುಗಿದ್ರು. ನನಗೆ ಒಂದು ಮಾತೂ ಹೊರಡಲಿಲ್ಲ. ನನ್ನ ಬಾವಮೈದ ಏನೋ ಹೇಳಿ ಮುಗಿಸಿದ. ಮಗಳು ಕಾರು ಹತ್ತಿದಳು. ಬಾಗಿಲಿಗೆ ಅವಳ ಸ್ಕಾರ್ಫು ಸಿಕ್ಕಿಕೊಂಡಿತ್ತು. ಬಾಗಿಲು ತೆಗೆದು ಅದನ್ನು ಬಿಡಿಸಿ, ಮತ್ತೆ ಬಾಗಿಲು ಹಾಕಿದೆ. ನಾನು ಮಾಡಿದ್ದು ಅಷ್ಟೇ."

ಅಲ್ಲಿಗೆ ಮಾತು ನಿಂತಿತು. ಯಾರೂ ಏಳಲಿಲ್ಲ.

"ಆಮೇಲೆ?" ಎಂದಳು ನಾಜಿರಾ.

"ಕಾರು ಹೋಯ್ತು, ಟೀಚರ್."

"ಆಮೇಲಾದ್ರೂ ಹರಸಿದ್ರಾ?"

"ಇನ್ನೂ ಇಲ್ಲ."

ಅವಳು ಹೆಸರಿನ ಮುಂದೆ ಪಾಸೆಂದು ಬರೆದಳು. ಶೇರ್‌ಗಾಜಿ ಅದನ್ನು ನೋಡಲೂ ಇಲ್ಲ. ಅಪ್ಪಣೆ ಕೇಳಿ ಫೋನು ಹಿಡಿದು ಹೊರಗೆ ಹೋದ. ತರಗತಿ ಕೂತಲ್ಲೇ ಕಿವಿ ನಿಮಿರಿಸಿತು.

"ಹಲೋ ಐಪೇರಿ... ಇಲ್ಲಮ್ಮ, ಅಮ್ಮ ಇಲ್ಲಿಲ್ಲ. ನಾನೇ ಫೋನು ಮಾಡ್ದೆ."